ಮನಸ್ಸಿಗೆ ಹಚ್ಚಿಕೊಳ್ಳುವವರ ಆರೋಗ್ಯ

“ಇಷ್ಟಕ್ಕೆಲ್ಲ ಯಾಕ ಮನಸ್ಸಿಗೆ ಹಚ್ಚಿಕೊಳ್ಳತಿ?” ಎಂಬ ಮಾತು ನಮ್ಮ ಭಾಗದಲ್ಲಿ ಕೇಳಿಬರದ ಮನೆಯಿಲ್ಲ. ತಂದೆ ತುಸು ಗಟ್ಟಿಯಾಗಿ ಮಾತನಾಡಿದರೆ ಊಟ ಬಿಡುವ ಮಗ, ನೆರೆಮನೆಯ ದುಃಖಕ್ಕೆ ತನ್ನದೇ ಎಂಬಂತೆ ಎರಡು ದಿನ ನಿದ್ರೆಗೆಡುವ ಸೊಸೆ, ಮದುವೆ ಮನೆಯ ಗದ್ದಲದಿಂದ ಮರಳಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವ ಹಿರಿಯರು, ಇಂಥವರು ಎಲ್ಲ ಕುಟುಂಬಗಳಲ್ಲಿಯೂ ಒಬ್ಬಿಬ್ಬರಿರುತ್ತಾರೆ. ಮನೆಯವರು ಅವರನ್ನು ಅಂಜುಬುರುಕರೆಂದೂ ಅಳುಬುರುಕರೆಂದೂ ಕರೆಯುತ್ತಾರೆ. ಇನ್ನು ಕೆಲವರು ಅವರಿಗೆ ಯಾವುದೋ ರೋಗವಿದೆಯೆಂದು ಭಾವಿಸಿ ಊರೂರು ಅಲೆದು ಗುಳಿಗೆ ನುಂಗಿಸುತ್ತಾರೆ. ಈ ಎರಡೂ ದಾರಿಗಳು ತಪ್ಪೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಶ್ರೀಮಠದ ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಇದು ರೋಗವೋ, ಸ್ವಭಾವವೋ?

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ ಅವರು 1996ರಲ್ಲಿ ಅತಿಸೂಕ್ಷ್ಮ ಸ್ವಭಾವದವರನ್ನು ಕುರಿತು ಒಂದು ಪುಸ್ತಕ ಬರೆದರು. ಮರುವರ್ಷ ಪತಿ ಆರ್ಥರ್ ಆರನ್ ಅವರೊಡಗೂಡಿ 27 ಪ್ರಶ್ನೆಗಳ ಒಂದು ಅಳತೆಗೋಲನ್ನೂ ರೂಪಿಸಿದರು. ಬೆಳಕು, ಸದ್ದು, ವಾಸನೆ, ನೋವು, ಇತರರ ಮುಖಭಾವ ಇವೆಲ್ಲವನ್ನೂ ಕೆಲವರ ನರಮಂಡಲವು ಹೆಚ್ಚು ಆಳವಾಗಿ ಗ್ರಹಿಸುತ್ತದೆ, ಆದ್ದರಿಂದಲೇ ಬೇಗ ದಣಿಯುತ್ತದೆ ಎಂಬುದು ಅವರ ಪ್ರತಿಪಾದನೆ. ನೂರರಲ್ಲಿ 15ರಿಂದ 20 ಜನ ಇಂಥವರೆಂದು ಅವರು ಅಂದಾಜಿಸಿದ್ದರು. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಜನರನ್ನು ಮೂರು ಗುಂಪುಗಳಾಗಿ ಕಂಡಿತು. ಅದರಂತೆ ಹೆಚ್ಚು ಸೂಕ್ಷ್ಮರು ಶೇಕಡಾ 31, ಮಧ್ಯಮರು ಶೇಕಡಾ 40, ಕಡಿಮೆ ಸೂಕ್ಷ್ಮರು ಶೇಕಡಾ 29.

ಅಂದರೆ ಇದು ಅಪರೂಪದ ವಿಕಾರವಲ್ಲ. ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಸ್ಥಾನವೂ ಇಲ್ಲ. ಎತ್ತರ, ಬಣ್ಣ, ಕಂಠಗಳಂತೆ ಇದೂ ಹುಟ್ಟಿನಿಂದ ಬಂದ ಒಂದು ಗುಣ. ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ.

ನಮ್ಮ ರೈತ ಬಂಧುಗಳಿಗೆ ಈ ಮಾತನ್ನು ಹೊಲದ ಭಾಷೆಯಲ್ಲಿ ಹೇಳುವುದು ಸುಲಭ. ಎರೆಭೂಮಿಯಲ್ಲಿ ಬಿತ್ತಿದ ಹಿಂಗಾರಿ ಜೋಳವು ಒಂದೆರಡು ಮಳೆಯ ತೇವದ ಮೇಲೆ ನಿಂತು, ಗಾಳಿ ಬಿಸಿಲುಗಳನ್ನು ತಾಳಿ ತೆನೆ ಕಟ್ಟುತ್ತದೆ. ಸವಣೂರಿನ ಎಲೆಬಳ್ಳಿಗೆ ಆ ತಾಳಿಕೆ ಇಲ್ಲ. ಅದಕ್ಕೆ ಹಬ್ಬಲು ಗಿಡದ ಆಸರೆ ಬೇಕು, ನೆರಳು ಬೇಕು, ಬೇರಿನಲ್ಲಿ ಸದಾ ತೇವವಿರಬೇಕು. ಹಾಗೆಂದು ಯಾವ ತೋಟಗಾರನೂ ಎಲೆಬಳ್ಳಿಯನ್ನು ಕೈಲಾಗದ ಬೆಳೆಯೆಂದು ಹಳಿಯುವುದಿಲ್ಲ. ಅದಕ್ಕೆ ಬೇಕಾದುದನ್ನು ಒದಗಿಸಿ, ಮಂಗಳಕಾರ್ಯಗಳಿಗೆ ಅದರ ಎಲೆಯನ್ನೇ ತರುತ್ತಾನೆ.

ಲಂಡನ್ನಿನ ಒಂದು ಶಾಲೆಯಲ್ಲಿ 11 ವರ್ಷದ ಬಾಲಕಿಯರಿಗೆ ಮನೋಬಲದ ತರಬೇತಿ ನೀಡಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಆ ತರಬೇತಿಯಿಂದ ಖಿನ್ನತೆಯ ಲಕ್ಷಣಗಳು ತಗ್ಗಿದ್ದು ಸೂಕ್ಷ್ಮ ಸ್ವಭಾವದ ಬಾಲಕಿಯರಲ್ಲಿ ಮಾತ್ರ. ಉಳಿದವರಲ್ಲಿ ಗುರುತರ ವ್ಯತ್ಯಾಸ ಕಾಣಲಿಲ್ಲ. ಕಟುವಾದುದು ಯಾರಿಗೆ ಹೆಚ್ಚು ನಾಟುತ್ತದೆಯೋ ಒಳ್ಳೆಯದೂ ಅವರಿಗೇ ಹೆಚ್ಚು ನಾಟುತ್ತದೆ ಎಂಬುದನ್ನು ತಂದೆತಾಯಿಗಳು ಇದರಿಂದ ಅರಿಯಬೇಕು. ಇಂಥ ಮಗುವಿಗೆ ನೀಡಿದ ಆರೈಕೆ ವ್ಯರ್ಥವಾಗುವುದಿಲ್ಲ.

ಆಯುರ್ವೇದದ ದೃಷ್ಟಿ

ಚರಕಾಚಾರ್ಯರು ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ರೋಗಿಯನ್ನು ಹತ್ತು ವಿಧಗಳಲ್ಲಿ ಪರೀಕ್ಷಿಸಬೇಕೆಂದು ವಿಧಿಸಿದ್ದಾರೆ. ಅವುಗಳಲ್ಲಿ ಪ್ರಕೃತಿ ಒಂದು, ಸತ್ತ್ವ ಮತ್ತೊಂದು. ಈ ಎರಡರ ಭೇದವನ್ನು ಇಲ್ಲಿ ಚೆನ್ನಾಗಿ ಗಮನಿಸಬೇಕು.

ವಾತಪ್ರಕೃತಿಯವರನ್ನು ವರ್ಣಿಸುವಾಗ ಆಚಾರ್ಯರು ಅವರು ಬೇಗ ಅಂಜುತ್ತಾರೆ, ಬೇಗ ಪ್ರೀತಿಸುತ್ತಾರೆ, ಬೇಗ ಬೇಸರಗೊಳ್ಳುತ್ತಾರೆ, ಕೇಳಿದ್ದನ್ನು ಬೇಗ ಗ್ರಹಿಸುತ್ತಾರೆ, ಚಳಿಯನ್ನು ಸಹಿಸಲಾರರು ಎಂದು ಹೇಳುತ್ತಾರೆ. ಇಂದು ಸೂಕ್ಷ್ಮ ಸ್ವಭಾವವೆಂದು ಕರೆಯುವುದರ ಬಹುಪಾಲು ಈ ವರ್ಣನೆಯಲ್ಲಿದೆ. ಸತ್ತ್ವವೆಂದರೆ ಮನಸ್ಸಿನ ತಾಳಿಕೆಯ ಬಲ. ಅದು ಪ್ರವರ, ಮಧ್ಯಮ, ಅವರ ಎಂದು ಮೂರು ಬಗೆ. ಪ್ರವರಸತ್ತ್ವದವರು ಕೃಶಶರೀರಿಗಳಾಗಿದ್ದರೂ ದೊಡ್ಡ ನೋವುಗಳನ್ನು ತಾಳುತ್ತಾರೆ. ಅವರಸತ್ತ್ವದವರು ದೊಡ್ಡ ಮೈಕಟ್ಟಿನವರಾಗಿದ್ದರೂ ಸಣ್ಣ ನೋವಿಗೆ ಕುಸಿಯುತ್ತಾರೆ. ಮಧ್ಯಮಸತ್ತ್ವದವರು ಇತರರನ್ನು ನೋಡಿ ಧೈರ್ಯ ತಂದುಕೊಳ್ಳುತ್ತಾರೆ, ಇಲ್ಲವೆ ಇತರರ ಆಸರೆಯಿಂದ ನಿಲ್ಲುತ್ತಾರೆ.

ಗ್ರಹಿಕೆ ಹರಿತವಾಗಿರುವುದು ಬೇರೆ, ತಾಳಿಕೆ ದುರ್ಬಲವಾಗಿರುವುದು ಬೇರೆ. ಎರಡನ್ನೂ ಒಂದೇ ಎಂದು ಬಗೆಯುವುದರಿಂದಲೇ ಸಮಾಜದಲ್ಲಿ ಸೂಕ್ಷ್ಮರಿಗೆ ಅನ್ಯಾಯವಾಗುತ್ತಿದೆ. ಮಾತು ಮನಸ್ಸಿಗೆ ಹತ್ತಿ ಕಣ್ಣೀರಿಟ್ಟ ಗೃಹಿಣಿಯೇ, ಅತ್ತೆಯ ಕೊನೆಗಾಲದಲ್ಲಿ ತಿಂಗಳುಗಟ್ಟಲೆ ನಿದ್ರೆಗೆಟ್ಟು ಸೇವೆ ಮಾಡಿದ್ದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಆಕೆಯ ಗ್ರಹಿಕೆ ಸೂಕ್ಷ್ಮ, ಸತ್ತ್ವ ಗಟ್ಟಿ. ಪ್ರಕೃತಿಯನ್ನು ಬದಲಿಸುವುದು ವೈದ್ಯನ ಕೈಯಲ್ಲಿಲ್ಲ. ಸತ್ತ್ವವನ್ನು ಬೆಳೆಸಿಕೊಳ್ಳಲು ಅವಕಾಶವಿದೆ. ಮನಸ್ಸಿನ ದೋಷಗಳಿಗೆ ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳೇ ಔಷಧವೆಂದು ಚರಕಸಂಹಿತೆಯ ಮೊದಲ ಅಧ್ಯಾಯವೇ ಹೇಳುತ್ತದೆ.

ನಮ್ಮ ಗದಗ ಪ್ರಾಂತವು ಈ ವಿಷಯದಲ್ಲಿ ಭಾಗ್ಯಶಾಲಿ. ಸೂಕ್ಷ್ಮ ಗ್ರಹಿಕೆಗೆ ತಕ್ಕ ನೆಲೆ ದೊರೆತರೆ ಏನಾಗಬಲ್ಲದೆಂಬುದನ್ನು ತೋರಿಸುವ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ. ಪಂಚಾಕ್ಷರಿ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಹೀನರಾಗಿದ್ದರು. ಲೋಕವು ಕರುಣೆಯಿಂದ ಮಾತ್ರ ನೋಡುತ್ತಿದ್ದ ಮಕ್ಕಳನ್ನು ಕರೆತಂದು, ಅನ್ನ ಆಶ್ರಯಗಳೊಡನೆ ಸ್ವರಸಾಧನೆಗೆ ಬೇಕಾದ ಶಿಸ್ತನ್ನೂ ನೀಡಿ, ಅವರ ಕಿವಿಯ ಸೂಕ್ಷ್ಮತೆಯನ್ನು ವಿದ್ಯೆಯನ್ನಾಗಿ ಮಾಡಿದರು. ಗದಗಿನ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಗುರುವನ್ನರಸಿ ಮನೆ ಬಿಟ್ಟು ಹೊರಟದ್ದು ಎಲ್ಲರೂ ಬಲ್ಲ ಸಂಗತಿ. ಆ ಹಾಡನ್ನು ಕೇಳಿದವರು ಅನೇಕರು. ಅದು ನಾಟಿದ್ದು ಒಬ್ಬ ಹುಡುಗನಿಗೆ. ಸೂಕ್ಷ್ಮರೆಲ್ಲ ಗಾಯಕರಾಗುತ್ತಾರೆಂದು ನಾವು ಹೇಳುತ್ತಿಲ್ಲ. ನಾಟುವ ಗುಣವೇ ದೋಷವಲ್ಲವೆಂದು ಹೇಳುತ್ತಿದ್ದೇವೆ.

ಅತಿಯೋಗ: ಸದ್ದಿನ ಹೊರೆ

ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಆಗುವ ಹಿತವಲ್ಲದ ಸಂಬಂಧವು ರೋಗದ ಮೂರು ಮೂಲಕಾರಣಗಳಲ್ಲಿ ಒಂದು. ಅದು ಅತಿಯೋಗ, ಮಿಥ್ಯಾಯೋಗ, ಅಯೋಗವೆಂದು ಮೂರು ರೀತಿಯದೆಂದು ಸೂತ್ರಸ್ಥಾನದ 11ನೆಯ ಅಧ್ಯಾಯ ವಿವರಿಸುತ್ತದೆ. ಸೂಕ್ಷ್ಮ ಸ್ವಭಾವದವರು ಹೇಗೆ ಬಾಳಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಚೌಕಟ್ಟು ನಮಗೆ ಕಂಡಿಲ್ಲ.

ಕಿವಿಯ ಅತಿಯೋಗಕ್ಕೆ ಆಚಾರ್ಯರು ಸಿಡಿಲಿನ ಗರ್ಜನೆ, ನಗಾರಿಯ ಸದ್ದು, ಗಟ್ಟಿಯಾದ ಕೂಗು ಇವುಗಳನ್ನು ಉದಾಹರಿಸಿದ್ದಾರೆ. ಇಂದು ನಮ್ಮ ಊರುಗಳ ನಗಾರಿಯೆಂದರೆ ಡಿ.ಜೆ. ಪೆಟ್ಟಿಗೆಗಳು. ಡೊಳ್ಳು, ನಂದಿಕೋಲು, ಸಮಾಳಗಳ ಸದ್ದೂ ದೊಡ್ಡದೇ. ಆದರೆ ಅದು ಮನೆ ದಾಟಿ ಮುಂದಕ್ಕೆ ಸಾಗುತ್ತದೆ, ಬಾರಿಸುವವನ ಕೈ ಸೋತಾಗ ನಿಲ್ಲುತ್ತದೆ. ಡಿ.ಜೆ.ಗೆ ಕೈ ಸೋಲುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಿದರೆ ಕಿವಿಗೆ ಹಾನಿ. ಸದ್ದು 100 ಡೆಸಿಬಲ್‌ಗೆ ಏರಿದರೆ ಆ ಅವಧಿ ಕೇವಲ 15 ನಿಮಿಷಕ್ಕಿಳಿಯುತ್ತದೆ. ಮೆರವಣಿಗೆಯ ಪೆಟ್ಟಿಗೆಗಳು ಗಂಟೆಗಟ್ಟಲೆ ಮೊರೆಯುವಾಗ ಎಲ್ಲರ ಕಿವಿಯೂ ಕೆಡುತ್ತದೆ. ಸೂಕ್ಷ್ಮರಿಗೆ ಎದೆಬಡಿತ, ತಲೆನೋವು, ಓಕರಿಕೆ, ನಿದ್ರಾನಾಶಗಳೂ ಜೊತೆಗೂಡುತ್ತವೆ.

2000ದ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಧಾರ್ಮಿಕ, ಸಾಂಸ್ಕೃತಿಕ ಸಂದರ್ಭಗಳಲ್ಲಿ ಸರ್ಕಾರವು ವರ್ಷಕ್ಕೆ 15 ದಿನಗಳನ್ನು ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಕಾನೂನು ಇದೆ. ಹಿರೇಹಂದಿಗೋಳದಂತಹ ಊರುಗಳಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳಿರುವಾಗ, ತಪ್ಪಿಸಿಕೊಂಡು ಹೋಗಲು ಬೇರೆ ಕೋಣೆ ಇಲ್ಲದವರೇ ಹೆಚ್ಚಾಗಿರುವಾಗ, ಠಾಣೆಗೆ ದೂರು ಕೊಟ್ಟು ನೆರೆಹೊರೆಯವರೊಡನೆ ಮುಖ ಕೆಡಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಆದ್ದರಿಂದ ಈ ಕೆಲಸ ಜಾತ್ರಾ ಸಮಿತಿಗಳಿಂದಲೇ, ಯುವಕ ಮಂಡಳಿಗಳಿಂದಲೇ ಆಗಬೇಕು. ಉತ್ಸವವೆಂದರೆ ಊರಿನ ಎಲ್ಲರ ಸಂತೋಷ. ಬಾಣಂತಿ, ಹಸುಗೂಸು, ಹೃದ್ರೋಗಿ, ಪರೀಕ್ಷೆಗೆ ಓದುವ ವಿದ್ಯಾರ್ಥಿ, ಸೂಕ್ಷ್ಮ ಮನಸ್ಸಿನವರು ಇವರೆಲ್ಲರನ್ನೂ ಹೊರಗಿಟ್ಟ ಸಂಭ್ರಮವನ್ನು ಊರಿನ ಉತ್ಸವವೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ಮಿಥ್ಯಾಯೋಗ: ಕಾಣಬಾರದ್ದು, ಕೇಳಬಾರದ್ದು

ಭಯಂಕರವಾದುದನ್ನೂ ಹೇಸಿಗೆ ಹುಟ್ಟಿಸುವುದನ್ನೂ ನೋಡುವುದು ಕಣ್ಣಿನ ಮಿಥ್ಯಾಯೋಗ. ಕಠೋರವಾದ ಮಾತು, ಪ್ರಿಯರ ನಾಶದ ಸುದ್ದಿ, ಅವಮಾನದ ನುಡಿ ಇವುಗಳನ್ನು ಕೇಳುವುದು ಕಿವಿಯ ಮಿಥ್ಯಾಯೋಗ. ಅನೇಕ ಶತಮಾನಗಳ ಹಿಂದೆ ಬರೆದಿಟ್ಟ ಈ ಪಟ್ಟಿಯನ್ನು ಇಂದು ಓದುವಾಗ ಮೊಬೈಲ್ ಫೋನು ಕಣ್ಣ ಮುಂದೆ ಬರುತ್ತದೆ. ಹೆದ್ದಾರಿಯ ಅಪಘಾತದ ವಿಡಿಯೊವನ್ನು, ಆತ್ಮಹತ್ಯೆಯ ಚಿತ್ರವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿಗೆ ಅದು ಒಂದು ನಿಮಿಷದ ಸುದ್ದಿ. ಸೂಕ್ಷ್ಮ ಮನಸ್ಸಿನವರಿಗೆ ಅದೇ ಚಿತ್ರ ಹದಿನೈದು ದಿನ ಕಣ್ಣು ಮುಚ್ಚಿದಾಗಲೆಲ್ಲ ಮೂಡುತ್ತದೆ. ಸತ್ತವರ ಮುಖವನ್ನು ಹಾಗೆ ಹಂಚುವುದು ಸತ್ತವರಿಗೂ ಅಗೌರವ, ನೋಡುವವರಿಗೂ ವಿಷ.

ಸೂಕ್ಷ್ಮರು ಇಲ್ಲಿ ತಮ್ಮ ಇಂದ್ರಿಯಗಳಿಗೆ ತಾವೇ ಕಾವಲುಗಾರರಾಗಬೇಕು. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದೇ ಸತ್ತ್ವಾವಜಯ ಚಿಕಿತ್ಸೆ. ವಿಡಿಯೊಗಳು ತಾವಾಗಿಯೇ ಇಳಿಯದಂತೆ ಮಾಡಿಸಿಕೊಳ್ಳಿರಿ. ಸುದ್ದಿಯನ್ನು ದಿನಕ್ಕೊಮ್ಮೆ ಪತ್ರಿಕೆಯಲ್ಲಿ ಓದಿರಿ. ರಾತ್ರಿ ಊಟದ ನಂತರ ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಿರಿ. ನಾಲ್ಕಾರು ದಿನಗಳಲ್ಲಿಯೇ ನಿದ್ರೆಯಲ್ಲಿ ವ್ಯತ್ಯಾಸ ಕಾಣುವಿರಿ.

ಅವಮಾನದ ನುಡಿಯೂ ಮಿಥ್ಯಾಯೋಗವೆಂಬುದನ್ನು ನಮ್ಮ ಭಾಗದ ರೈತರ ಸ್ಥಿತಿಯೊಡನೆ ಸೇರಿಸಿ ನೋಡಬೇಕು. ಮಳೆ ಕೈಕೊಟ್ಟ ವರ್ಷ ಉಳ್ಳಾಗಡ್ಡಿ, ಮೆಣಸಿನಕಾಯಿಗಳಿಗೆ ಹಾಕಿದ ಹಣ ಮರಳಿ ಬಾರದೆ ಸಾಲ ಉಳಿಯುತ್ತದೆ. ಸಾಲ ಹಲವರಿಗೆ ಇರುತ್ತದೆ. ಮನೆಬಾಗಿಲಿಗೆ ಬಂದು ನಾಲ್ಕು ಜನರೆದುರು ಆಡಿದ ಒಂದು ಮಾತನ್ನು ಒಬ್ಬ ರೈತ ಕೊಡವಿಕೊಂಡು ಹೋಗುತ್ತಾನೆ, ಇನ್ನೊಬ್ಬ ಅದನ್ನೇ ನೆನೆಯುತ್ತ ಊಟ ಬಿಟ್ಟು ಮೌನಿಯಾಗುತ್ತಾನೆ. ಮೌನಿಯಾದವನ ಜೊತೆ ಊರಿನವರು ಕೂಡಬೇಕು. ಹಣ ಕೊಡಲಾಗದಿದ್ದರೂ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತು ಮಾತನಾಡಬಹುದು. ಜೀವ ಉಳಿಸುವ ಕೆಲಸಗಳಲ್ಲಿ ಇದೂ ಒಂದು.

ಅಯೋಗ: ಬಾಗಿಲು ಹಾಕಿಕೊಂಡರೆ

ಇಷ್ಟು ಹೇಳಿದ ಮೇಲೆ ಸೂಕ್ಷ್ಮ ಸ್ವಭಾವದವರಿಗೂ ಒಂದು ಮಾತು ಹೇಳಬೇಕಾಗಿದೆ. ಸದ್ದು ಬೇಡ, ಜನ ಬೇಡ, ಮದುವೆ ಮುಂಜಿಗಳು ಬೇಡ ಎಂದು ಒಂದೊಂದನ್ನೇ ಬಿಡುತ್ತ ಹೋದರೆ ಕೊನೆಗೆ ಉಳಿಯುವುದು ನಾಲ್ಕು ಗೋಡೆ ಮಾತ್ರ. ಇಂದ್ರಿಯಗಳನ್ನು ಬಳಸದೆ ಬಿಡುವುದನ್ನೂ ಆಚಾರ್ಯರು ಅಯೋಗವೆಂದು ಕರೆದು ರೋಗಕಾರಣಗಳಲ್ಲಿಯೇ ಎಣಿಸಿದ್ದಾರೆ. ಕತ್ತಲೆಯಲ್ಲಿ ಇದ್ದು ರೂಢಿಯಾದ ಕಣ್ಣಿಗೆ ದೀಪವೂ ಬಿಸಿಲಾಗಿ ತೋರುತ್ತದೆ. ತಪ್ಪಿಸಿಕೊಂಡಷ್ಟೂ ಅಂಜಿಕೆ ಬೆಳೆಯುತ್ತದೆ.

ಆದ್ದರಿಂದ ಬಿಡುವುದಕ್ಕಿಂತ ಅಳತೆ ಮಾಡಿಕೊಳ್ಳುವುದು ಲೇಸು. ಮದುವೆಗೆ ಹೋಗಿರಿ. ಅಕ್ಷತೆಯ ವೇಳೆಗೆ ಹೋಗಿ, ಪ್ರಸಾದ ಸ್ವೀಕರಿಸಿ, ಹೇಳಿ ಮರಳಿರಿ. ಜಾತ್ರೆಗೆ ಹೋಗಿರಿ. ನಸುಕಿನಲ್ಲಿ ಗರ್ದಿ ಇಲ್ಲದಾಗ ದರ್ಶನ ಮಾಡಿರಿ. ಗದ್ದಲದ ಒಂದು ದಿನದ ಮರುದಿನ ಬಿಡುವು ಇಟ್ಟುಕೊಳ್ಳಿರಿ. ದಾಸೋಹದಲ್ಲಿ ನೂರು ಜನರ ನಡುವೆ ಬಡಿಸುವುದು ಕಷ್ಟವೆನಿಸಿದರೆ ಹಿಂದಿನ ರಾತ್ರಿ ಕುಳಿತು ಕಾಯಿಪಲ್ಲೆ ಹೆಚ್ಚುವ ಸೇವೆ ಇದ್ದೇ ಇದೆ. ಕಾಯಕ ಬಿಡಬಾರದು. ತನಗೆ ಒಗ್ಗುವ ಕಾಯಕವನ್ನು ಆರಿಸಿಕೊಳ್ಳಬಹುದು. ನನ್ನ ಸ್ವಭಾವವೇ ಹೀಗೆ, ಎಲ್ಲರೂ ನನಗೆ ಹೊಂದಿಕೊಳ್ಳಲಿ ಎಂಬ ಹಟವೂ ಸಲ್ಲದು. ನಮ್ಮ ಸೂಕ್ಷ್ಮತೆಯು ಇತರರ ನೋವನ್ನು ಅರಿಯಲು ನೆರವಾಗುತ್ತಿದೆಯೇ, ಇಲ್ಲವೆ ನಮ್ಮ ನೋವನ್ನು ಎಣಿಸುವುದಕ್ಕೇ ಮೀಸಲಾಗಿದೆಯೇ ಎಂದು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.

ಕಣ್ಣೀರನ್ನು ತಡೆಯದಿರಿ

ಗಂಡುಮಕ್ಕಳು ಅತ್ತರೆ “ಹೆಣ್ಣುಮಕ್ಕಳಂಗ ಅಳಬ್ಯಾಡಲೇ” ಎಂದು ಗದರಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ವೈದ್ಯಶಾಸ್ತ್ರ ಇದಕ್ಕೆ ಸಮ್ಮತಿಸುವುದಿಲ್ಲ. ತಡೆಯಬಾರದ 13 ವೇಗಗಳನ್ನು ಚರಕಾಚಾರ್ಯರು ಹೇಳಿದ್ದಾರೆ. ಮಲ, ಮೂತ್ರ, ಹಸಿವು, ನೀರಡಿಕೆ, ನಿದ್ರೆಗಳೊಡನೆ ಕಣ್ಣೀರೂ ಆ ಪಟ್ಟಿಯಲ್ಲಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ಬೇನೆ, ಎದೆಯ ಬೇನೆ, ಅರುಚಿ, ತಲೆಸುತ್ತುಗಳು ಬರುತ್ತವೆಂದೂ, ನಿದ್ರೆ ಮತ್ತು ಪ್ರಿಯವಾದ ಮಾತುಕತೆ ಅದಕ್ಕೆ ಚಿಕಿತ್ಸೆಗಳೆಂದೂ ತಿಳಿಸಿದ್ದಾರೆ. ಲೋಭ, ಶೋಕ, ಭಯ, ಕ್ರೋಧ, ಅಸೂಯೆ ಮುಂತಾದುವು ಮನಸ್ಸಿನ ಮಟ್ಟದಲ್ಲಿ ತಡೆಯಬೇಕಾದ ವೇಗಗಳು. ಅಂದರೆ ಶೋಕವನ್ನು ಮನಸ್ಸಿನಲ್ಲಿ ಬೆಳೆಯಗೊಡಬಾರದು, ಕಣ್ಣಿಗೆ ಬಂದ ನೀರನ್ನು ತಡೆಯಬಾರದು. ಅಳುವ ಮಗುವನ್ನು ಹತ್ತಿರ ಕೂರಿಸಿಕೊಂಡು, ಅಳು ತಾನಾಗಿ ನಿಂತ ಮೇಲೆ ನಾಲ್ಕು ಪ್ರೀತಿಯ ಮಾತನಾಡಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ದಿನಚರಿ

ಸೂಕ್ಷ್ಮರಲ್ಲಿ ವಾತವು ಬೇಗ ಕೆರಳುವುದರಿಂದ ಅದನ್ನು ಸಮಸ್ಥಿತಿಯಲ್ಲಿಡುವ ದಿನಚರಿಯೇ ಅವರ ಮುಖ್ಯ ಔಷಧ.

ಹಸಿದು ಕೂರಬಾರದು. ಹೊಟ್ಟೆ ಬರಿದಾದಾಗ ಸಿಡುಕು, ನಡುಕ, ಅಂಜಿಕೆ ಮೂರೂ ಹೆಚ್ಚುತ್ತವೆ. ನಿಗದಿತ ವೇಳೆಗೆ ಬಿಸಿರೊಟ್ಟಿ, ಹೆಸರುಬೇಳೆ, ಕಾಯಿಪಲ್ಲೆ, ಚಮಚೆ ತುಪ್ಪ ಇರುವ ಊಟ ಸಾಕು. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳು ಜಿಡ್ಡನ್ನೂ ಬಲವನ್ನೂ ಕೊಡುತ್ತವೆ, ಖಾರ ಮಾತ್ರ ಹಿತಮಿತವಾಗಿರಲಿ. ಸಂಜೆಯ ಮಿರ್ಚಿ, ಮಂಡಕ್ಕಿ ಅಪರೂಪಕ್ಕಿರಲಿ. ಚಹಾ ಎರಡು ಕಪ್ಪಿಗೆ ಮೀರದಿರಲಿ, ಅದೂ ಮಧ್ಯಾಹ್ನದ ನಂತರ ಬೇಡ. ಸೂಕ್ಷ್ಮರಿಗೆ ಚಹಾ ಕಾಫಿಗಳಿಂದ ಎದೆಬಡಿತ ಮತ್ತು ನಿದ್ರಾಭಂಗ ಹೆಚ್ಚು.

ಸ್ಪರ್ಶೇಂದ್ರಿಯದಲ್ಲಿ ವಾಯು ಅಧಿಕ, ಅದರ ನೆಲೆ ಚರ್ಮ, ಆದ್ದರಿಂದ ಅಭ್ಯಂಗವು ಚರ್ಮಕ್ಕೆ ಪರಮಹಿತವೆಂದು ಸಂಹಿತೆ ಹೇಳುತ್ತದೆ. ನಮ್ಮ ಗಾಳಿಯ ಸೀಮೆಗೆ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಈ ನೆಲಕ್ಕೆ, ಈ ಮಾತು ವಿಶೇಷವಾಗಿ ಸಲ್ಲುತ್ತದೆ. ವಾರದಲ್ಲಿ ಎರಡು ದಿನ ಉಗುರು ಬೆಚ್ಚಗಿನ ಎಳ್ಳೆಣ್ಣೆಯನ್ನು ಮೈಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಕಡಲೆಹಿಟ್ಟು ತಿಕ್ಕಿ ಬಿಸಿನೀರಿನ ಸ್ನಾನ ಮಾಡಿರಿ. ಅಡುಗೆಗೆ ಬಳಸುವ ಕುಸುಬಿ ಎಣ್ಣೆ ಇದಕ್ಕೆ ಬೇಡ. ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕಿದರೆ ನಿದ್ರೆ ಸುಖವಾಗಿ ಬರುತ್ತದೆ. ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಬೇಡ. ಕಿವಿ ಸೋರುವವರು ಕಿವಿಗೆ ಎಣ್ಣೆ ಹಾಕಿಕೊಳ್ಳಲೇಬಾರದು.

ನಿದ್ರೆ ಏಳರಿಂದ ಎಂಟು ಗಂಟೆ ಇರಲಿ. ಬೆಳಗಿನ ಹೊತ್ತು ಹೊಲದ ದಾರಿಯಲ್ಲಿ ಅರ್ಧ ಗಂಟೆ ಒಬ್ಬರೇ ನಡೆಯಿರಿ. ಭಕ್ತರು ನಿತ್ಯ ಮಾಡುವ ಇಷ್ಟಲಿಂಗಾರ್ಚನೆಯನ್ನು ಅವಸರದಲ್ಲಿ ಮುಗಿಸದಿರಿ ಎಂಬುದು ವೈದ್ಯರಾಗಿಯೂ ನಮ್ಮ ವಿನಂತಿ. ದೃಷ್ಟಿ ಒಂದೆಡೆ ನಿಂತು, ಉಸಿರು ನಿಧಾನವಾಗಿ, ಸದ್ದಿಲ್ಲದ ಹದಿನೈದು ನಿಮಿಷ ದಿನಕ್ಕೆರಡು ಬಾರಿ ದೊರೆತರೆ ದಣಿದ ಇಂದ್ರಿಯಗಳಿಗೆ ಅದು ದೊಡ್ಡ ವಿಶ್ರಾಂತಿ.

ಮಂಡೂಕಪರ್ಣಿ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಈ ನಾಲ್ಕನ್ನು ಬುದ್ಧಿಗೆ ಹಿತವಾದ ರಸಾಯನಗಳೆಂದು ಶಾಸ್ತ್ರ ಹೇಳುತ್ತದೆ. ಇವು ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ರಕ್ತದೊತ್ತಡ ಇರುವವರಿಗೆ ಜ್ಯೇಷ್ಠಮಧುವಿನ ದೀರ್ಘಸೇವನೆ ಆಗದು. ಜಾಹೀರಾತು ನೋಡಿ ಡಬ್ಬಿ ತರಿಸಿಕೊಳ್ಳುವುದು ಸರಿಯಲ್ಲ.

ಮನೆಯವರ ಹೊಣೆ

ಸೂಕ್ಷ್ಮ ಮಗುವನ್ನು ಗಟ್ಟಿ ಮಾಡುತ್ತೇವೆಂದು ಎಲ್ಲರೆದುರು ಹೀಯಾಳಿಸಿದರೆ ಅದು ಗಟ್ಟಿಯಾಗುವುದಿಲ್ಲ, ಮುಚ್ಚಿಕೊಳ್ಳುತ್ತದೆ. ತಪ್ಪನ್ನು ಏಕಾಂತದಲ್ಲಿ, ಇಳಿದನಿಯಲ್ಲಿ ಹೇಳಿದರೆ ಇಂಥ ಮಕ್ಕಳಿಗೆ ಒಂದೇ ಸಲ ಸಾಕು. ಶಿಕ್ಷಕರೂ ಇದನ್ನು ಗಮನಿಸಬೇಕು. ಹೊಸದಾಗಿ ಬಂದ ಸೊಸೆ ಗದ್ದಲದ ಮನೆಯಲ್ಲಿ ಮಾತು ಕಡಿಮೆ ಮಾಡಿದರೆ ಅದನ್ನು ಸೊಕ್ಕೆಂದು ತಿಳಿಯುವ ಅತ್ತೆಯಂದಿರಿದ್ದಾರೆ. ಮಧ್ಯಾಹ್ನ ಒಂದು ಗಂಟೆ ಆಕೆಯನ್ನು ಯಾರೂ ಕರೆಯದಂತೆ ಬಿಟ್ಟು ನೋಡಿರಿ. ಸಂಜೆಗೆ ಆಕೆಯೇ ಬಂದು ಪಕ್ಕದಲ್ಲಿ ಕುಳಿತು ಮಾತನಾಡಬಹುದು. ಗಂಡಸರಲ್ಲಿಯೂ ಸೂಕ್ಷ್ಮರಿದ್ದಾರೆ. ಅವರು ಅದನ್ನು ಸಿಟ್ಟಿನಲ್ಲಿಯೋ ಕುಡಿತದಲ್ಲಿಯೋ ಮುಚ್ಚಿಡುತ್ತಾರೆ. ಕುಡಿತವು ಆ ಹೊತ್ತಿಗೆ ಇಂದ್ರಿಯಗಳನ್ನು ಮಂದಗೊಳಿಸಿ, ಮರುದಿನ ಇಮ್ಮಡಿಯಾಗಿ ಕೆರಳಿಸುತ್ತದೆ. ಅದು ಔಷಧವಲ್ಲ.

ವೈದ್ಯರ ಬಳಿಗೆ ಯಾವಾಗ?

ಎಲ್ಲವನ್ನೂ ಸ್ವಭಾವವೆಂದು ಬಿಟ್ಟುಬಿಡುವುದೂ ಅಪಾಯಕರ. ಮೊದಲು ಸಮಾಧಾನದಿಂದಿದ್ದವರು ಇತ್ತೀಚೆಗೆ ಸೂಕ್ಷ್ಮರಾಗಿದ್ದರೆ ಅದು ಸ್ವಭಾವವಲ್ಲ, ಕಾರಣ ಹುಡುಕಬೇಕು. ಥೈರಾಯಿಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಅರೆತಲೆನೋವು, ಕಿವಿಯ ದೋಷ ಇವೆಲ್ಲವೂ ಸದ್ದು, ಬೆಳಕು, ಶಾಖಗಳನ್ನು ಅಸಹ್ಯವಾಗಿಸಬಲ್ಲವು. ಸಣ್ಣ ಮಗು ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದರ ಜೊತೆಗೆ ಮಾತು ತಡವಾಗಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಲೇಬೇಕು.

ಎರಡು ವಾರ ಮೀರಿ ಬೇಸರ ಬಿಡದಿದ್ದರೆ, ನಿದ್ರೆ ಹಸಿವೆಗಳು ಕೆಟ್ಟರೆ, ಬದುಕು ಸಾಕೆಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ತಡಮಾಡಬಾರದು. ಗದಗಿನ ಜಿಲ್ಲಾ ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು, ಹಣವಿಲ್ಲದೆ, ಕನ್ನಡದಲ್ಲಿಯೂ ದೊರೆಯುತ್ತದೆ. ಈ ಸಂಖ್ಯೆಯನ್ನು ಪ್ರತಿ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕೆಂದು ಕೋರುತ್ತೇವೆ. ಮನೋವೈದ್ಯರು ಕೊಟ್ಟ ಗುಳಿಗೆಗಳನ್ನು ನಮ್ಮ ಲೇಖನವನ್ನೋ ಬೇರೆಯವರ ಮಾತನ್ನೋ ನಂಬಿ ನಿಲ್ಲಿಸಬಾರದು. ಆಯುರ್ವೇದದ ಆರೈಕೆ ಅದರ ಜೊತೆಗೆ ನಡೆಯಬಹುದು.

ಮುಟ್ಟಿದರೆ ಮುನಿ ಎಂಬ ಸಣ್ಣ ಗಿಡವನ್ನು ಎಲ್ಲರೂ ಬಲ್ಲರು. ಮಕ್ಕಳು ಅದನ್ನು ಮುಟ್ಟಿ, ಎಲೆ ಮುದುಡಿದಾಗ ನಗುತ್ತಾರೆ. ಶಾಸ್ತ್ರದಲ್ಲಿ ಲಜ್ಜಾಲುವೆಂಬ ಹೆಸರಿನ ಈ ಗಿಡ ರಕ್ತಸ್ರಾವಕ್ಕೂ ಅತಿಸಾರಕ್ಕೂ ಮದ್ದು. ಮುದುಡಿದ ಎಲೆಯನ್ನು ಅರಳಿಸಲು ಯಾರೂ ಎಳೆಯಬೇಕಾಗಿಲ್ಲ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಅದು ತಾನಾಗಿಯೇ ಅರಳುತ್ತದೆ. ನಮ್ಮ ಮನೆಗಳಲ್ಲಿರುವ ಸೂಕ್ಷ್ಮ ಮನಸ್ಸಿನವರಿಗೂ ಅಷ್ಟು ಹೊತ್ತನ್ನು ಕೊಡುವುದು ನಮ್ಮಿಂದಾಗದ ಕೆಲಸವೇನಲ್ಲ. ಮುಂಬರುವ ಜಾತ್ರೆಯ ಸಿದ್ಧತೆಗೆ ಊರಿನ ಹಿರಿಯರು ಸಭೆ ಸೇರಿದಾಗ ಪೆಟ್ಟಿಗೆಗಳ ಸದ್ದಿನ ಮಾತನ್ನೂ ಒಮ್ಮೆ ಎತ್ತಲಿ ಎಂದು ವಿನಂತಿಸಿ ಲೇಖನವನ್ನು ಮುಗಿಸುತ್ತೇವೆ.